ಆರದ ಗಂಜಿ, ಏಳನೆಯ ಕಿಣ್ವ

ನಾನು ಓದಿದ್ದು ಏನು ಅಂತ ಅವ್ವನಿಗೆ ಅರ್ಥ ಮಾಡಿಸಲು ನನ್ನಿಂದ ಇವತ್ತಿಗೂ ಆಗಿಲ್ಲ. ಬಿ.ಎಸ್‌ಸಿ. ಸೇರಿದ ಮೊದಲ ವರ್ಷ ಒಂದು ಸಂಜೆ, ನಮಗೆ ಈಗ ಪಾಠವೆಲ್ಲ ಎಂಜೈಮಿನ ಮೇಲೆ ನಡೆಯುತ್ತಿದೆ ಅಂತ ಹೇಳಿದ್ದೆ. ಸೊಪ್ಪು ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಎಂಜ್ಲಾ?"

"ಎಂಜಲಲ್ಲ ಕಣವ್ವ, ಎಂಜೈಮು."

"ಅದೇ ಕಣ್ ಕೂಸೆ, ಎಂಜ್ಲು. ನಮ್ಮವ್ವ ಮದ್ವೆ ಮನೇಲಿ ಎಂಜಲೆಲೆ ಎತ್ತಿ ನಮ್ಮನ್ನ ಸಾಕುದ್ಲು. ನೀನು ಬಸ್ ಅತ್ಕಂಡ್ ಓಗಿ ಅದ್ನೇ ಓದ್ಕಂಡ್ ಬತ್ತಿದ್ದೀಯಾ?"

ಅಜ್ಜಿ ಎಂಜಲೆಲೆ ಎತ್ತಿದ್ದು ನಿಜ. ಊರಿನ ದೊಡ್ಡ ಮನೆಗಳಲ್ಲಿ ಮದುವೆಯೋ ತಿಥಿಯೋ ಆದರೆ ಉಂಡ ಎಲೆ ತೆಗೆಯಲು ಅವಳನ್ನೇ ಕರೆಯುತ್ತಿದ್ದರು. ಅವ್ವನ ಮಾತಿಗೆ ನನಗೆ ಸಿಟ್ಟು ಬಂತು. ಇನ್ನೂ ಒಂದು ಸೆಮಿಸ್ಟರೂ ಮುಗಿಸದವಳಿಗೆ ಅಷ್ಟು ಬೇಗ ಸಿಟ್ಟು ಎಲ್ಲಿಂದ ಬಂತೋ, ಕಾಲೇಜಿನ ಗಾಳಿ ಇರಬೇಕು. ಆದರೆ ಮುಂದಿನ ವಾರವೇ ಲ್ಯಾಬಿನಲ್ಲಿ ನಮ್ಮ ಕೈಗೆ ಒಂದೊಂದು ಚಿಕ್ಕ ಬೀಕರು ಕೊಟ್ಟು, ಇದರಲ್ಲಿ ಉಗುಳಿ ಅಂದರು. ನಮಗೆ ಪಾಠಕ್ಕೆ ಸಿಕ್ಕ ಮೊದಲ ಎಂಜೈಮು, ಕನ್ನಡದಲ್ಲಿ ಹೇಳುವುದಾದರೆ ಕಿಣ್ವ, ನಮ್ಮ ಎಂಜಲಿನಲ್ಲೇ ಇತ್ತು. ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮೂರು ವರ್ಷದ ಬಿ.ಎಸ್‌ಸಿ.ಗೆ ನಾಲ್ಕು ವರ್ಷ ತೆಗೆದುಕೊಂಡೆ. ಭೌತ ರಸಾಯನದ ಒಂದು ಪೇಪರಿಗೆ ನನ್ನ ಮೇಲೆ ಅಷ್ಟು ಪ್ರೀತಿ, ಒಂದು ವರ್ಷ ಬಿಡಲೇ ಇಲ್ಲ. ಆ ನಾಲ್ಕನೆಯ ವರ್ಷವನ್ನು ಊರಲ್ಲಿ 'ಉನ್ನತ ವ್ಯಾಸಂಗದ ತಯಾರಿ' ಅಂತ ಹೇಳಿಕೊಂಡು ತಿರುಗಿದೆ. ಆಮೇಲೆ ದಿನಾ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಜೀವರಸಾಯನದಲ್ಲಿ ಎಂ.ಎಸ್‌ಸಿ. ಮಾಡಿದೆ, ಬಿ.ಎಡ್. ಮಾಡಿದೆ. ಮಾಡಿದ ಮೇಲೆ ಸುಮ್ಮನಿರಬಹುದಿತ್ತು. ಮನೆಯ ಮುಂದಿನ ಗೋಡೆಗೆ ಹೆಸರಿನ ಬೋರ್ಡು ಹಾಕಿಸಿದೆ. ಅದರಲ್ಲಿ ಹೆಸರಿಗಿಂತ ಡಿಗ್ರಿಗಳ ಅಕ್ಷರ ದಪ್ಪ. ಅಪ್ಪ ಗಾರೆ ಕೆಲಸದವನು. ಕೆಲಸದಿಂದ ಬಂದವನೇ ಬೋರ್ಡಿನ ಮೇಲೆ ರಸಮಟ್ಟ ಇಟ್ಟು ನೋಡಿ, ಬಲಗಡೆಗೆ ವಾಲಿದೆ, ಡಿಗ್ರಿ ಇರುವ ಕಡೆಗೆ ಭಾರ ಜಾಸ್ತಿ ಆಗಿದೆ ಅಂದ.

ಇಷ್ಟೆಲ್ಲ ಭಾರ ಹೊತ್ತು ನಾನು ಸೇರಿದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ. ಕಾಗದದಲ್ಲಿ ಲ್ಯಾಬ್ ಅಸಿಸ್ಟೆಂಟ್. ಕೆಲಸ ಗಾಜಿನ ಸಾಮಾನು ತೊಳೆಯುವುದು. ಬೇರೆಯವರು ಪರೀಕ್ಷೆ ಮಾಡಿ ಇಟ್ಟ ಫ್ಲಾಸ್ಕು, ಪಿಪೆಟ್ಟು, ಬೀಕರುಗಳನ್ನು ಬ್ರಷ್ಷು ಹಾಕಿ ಉಜ್ಜಿ, ಒಣಗಲು ಬೋರಲು ಹಾಕುವುದು. ಅದರಲ್ಲಿ ಅವಮಾನ ಏನೂ ಇಲ್ಲ, ನಮ್ಮ ಮನೆಯಲ್ಲಿ ತೊಳೆಯುವ ಬಳಿಯುವ ಕೆಲಸ ಮಾಡದವರು ಯಾರೂ ಇಲ್ಲ. ಆದರೆ ಅದಕ್ಕೆ ಇಷ್ಟು ವರ್ಷದ ಓದು ಬೇಕಿತ್ತಾ ಅಂತ ಅವ್ವ ಒಂದೇ ಒಂದು ದಿನ ಕೇಳಿದ್ದಳು. ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ.

ಕಾಲೇಜು ಕೆಲಸಕ್ಕೆ ಮೂರು ಕಡೆ ಹೋಗಿ ಬಂದಿದ್ದೆ. ಮೂರು ಕಡೆಯೂ ತಿಳಿಸುತ್ತೇವೆ ಅಂದರು, ಒಬ್ಬರೂ ತಿಳಿಸಲಿಲ್ಲ. ನಾಲ್ಕನೆಯದು ತಿ. ನರಸೀಪುರದ ಒಂದು ಪಿಯು ಕಾಲೇಜು. ಜೀವಶಾಸ್ತ್ರಕ್ಕೆ ಒಂದು ಹುದ್ದೆ ಇತ್ತು, ಜೀವರಸಾಯನ ಓದಿದವರೂ ಆಗಬಹುದು ಅಂದಿದ್ದರು. ಮಕ್ಕಳ ಮುಂದೆ ಒಂದು ಡೆಮೊ ಕ್ಲಾಸು ಮಾಡಿ ತೋರಿಸಬೇಕು. ವಿಷಯ ಕಿಣ್ವಗಳು: ಅವು ಹೇಗೆ ಕೆಲಸ ಮಾಡುತ್ತವೆ, ಎಷ್ಟು ಬಗೆ. ಅವ್ವ ಆಗಲೇ ತನ್ನ ಮಹಿಳಾ ಸಂಘದ ಹೆಂಗಸರಿಗೆಲ್ಲ ಮಗಳು ಕಾಲೇಜು ಮೇಡಂ ಆಗುತ್ತಾಳೆ ಅಂತ ಹೇಳಿ ಮುಗಿಸಿದ್ದಳು. ಇದೂ ಕೈ ತಪ್ಪಿದರೆ ಬಾಟಲಿ ತೊಳೆಯುವುದೇ ನನ್ನ ಕಸುಬು ಅಂತ ಒಪ್ಪಿಕೊಂಡು ಗೋಡೆಯ ಬೋರ್ಡು ಇಳಿಸಿಬಿಡುವುದು ಅಂತ ನಾನೇ ತೀರ್ಮಾನ ಮಾಡಿದ್ದೆ.

ತಯಾರಿಯಲ್ಲಿ ಅರ್ಧ ಸಮಯ ಹೋದದ್ದು ಹಕಾರಕ್ಕೆ. ನಮ್ಮ ಕಡೆ ಹ ಅಕ್ಷರವನ್ನು ಬರೆಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಹದಿನಾರು ಅಂತ ಒಂದು ಊರಿದೆ, ಬೋರ್ಡಿನಲ್ಲಿ ಹಾಗೇ ಇರುತ್ತದೆ, ಬಸ್ಸಿನಲ್ಲಿ ಎಲ್ಲರೂ ಅದಿನಾರಿಗೆ ಒಂದು ಟಿಕೀಟು ಕೇಳುತ್ತಾರೆ. ಕಾಲೇಜಿನಲ್ಲಿ ಜನ ನಕ್ಕ ಮೇಲೆ ನಾನು ಹಟಕ್ಕೆ ಬಿದ್ದು ಹ ಕಲಿತೆ. ಕಲಿತದ್ದು ಜಾಸ್ತಿ ಆಯಿತು. ಎಲ್ಲಿ ಬೇಕೋ ಅಲ್ಲಿಗೂ ಬಂತು, ಎಲ್ಲಿ ಬೇಡವೋ ಅಲ್ಲಿಗೂ ಬಂತು. ಗಾಬರಿಯಾದರೆ ಆಮ್ಲ ಹಾಮ್ಲ ಆಗುತ್ತದೆ, ಅಯಾನು ಹಯಾನು ಆಗುತ್ತದೆ. ಹೀಗಾಗಿ ಕನ್ನಡಿ ಮುಂದೆ ನಿಂತು ಹೈಡ್ರೊಲೇಸ್, ಹೈಡ್ರೊಲೇಸ್ ಅಂತ ಜಪ ಮಾಡುತ್ತಿದ್ದೆ. ಅಪ್ಪ ಕೇಳಿಸಿಕೊಂಡು, ಯಾವ ದೇವರು ಅದು ಅಂದ.

ಉಳಿದ ಅರ್ಧ ಗಂಜಿಗೆ. ಬಿ.ಎಡ್.ನಲ್ಲಿ ಮಕ್ಕಳಿಗೆ ಪರಿಚಯ ಇರುವ ವಸ್ತು ಇಟ್ಟುಕೊಂಡು ಪಾಠ ಮಾಡಿ ಅಂತ ಹೇಳಿಕೊಟ್ಟಿದ್ದರು. ಲ್ಯಾಬಿನ ಪಿಷ್ಟದ ಪುಡಿಗಿಂತ ಮನೆಯ ಅನ್ನದ ಗಂಜಿ ಮೇಲು ಅಂದುಕೊಂಡೆ. ಗಂಜಿಯಲ್ಲಿ ಇರುವುದು ಪಿಷ್ಟ. ಪಿಷ್ಟಕ್ಕೆ ಅಯೋಡಿನ್ ತಗುಲಿದರೆ ಕಪ್ಪು ನೀಲಿ ಬಣ್ಣ ಬರುತ್ತದೆ. ನಮ್ಮ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಒಡೆದ ಮೇಲೆ ಅಯೋಡಿನ್ ಹಾಕಿದರೆ ನೀಲಿ ಬರುವುದಿಲ್ಲ. ಇಷ್ಟೇ ಪ್ರಯೋಗ. ನಾನು ಇದನ್ನು ಹತ್ತು ಸಲ ಮಾಡಿದ್ದೇನೆ, ಒಂದು ಸಲವೂ ತಪ್ಪಿಲ್ಲ.

ಅವತ್ತು ಬೆಳಿಗ್ಗೆ, ತೆಳ್ಳಗೆ ಗಂಜಿ ಮಾಡಿ ಆರಿಸಿ ಕೊಡು ಅಂತ ಅವ್ವನಿಗೆ ಹೇಳಿ ನಾನು ಸೀರೆ ಉಡಲು ಹೋದೆ. ಬರುವಷ್ಟರಲ್ಲಿ ಅವ್ವ ಕುದಿಯುವ ಗಂಜಿಯನ್ನು ಸ್ಟೀಲಿನ ಫ್ಲಾಸ್ಕಿಗೆ ಸುರಿದು ಮುಚ್ಚಳ ತಿರುಗಿಸುತ್ತಿದ್ದಳು. ಆರಿಸು ಅಂದಿದ್ದೆನಲ್ಲ ಅಂದರೆ, ಕೆಲಸ ಕೊಡುವವರ ಮುಂದೆ ಆರಿದ ಗಂಜಿ ಇಡ್ತಾರಾ, ಬಿಸಿ ಇದ್ದರೇ ಗೌರವ ಅಂದಳು. ಒಂದು ಚಿಟಿಕೆ ಉಪ್ಪೂ ಹಾಕಿದ್ದಳು. ಕಾಲೇಜಿನವರು ಅದನ್ನು ಕುಡಿಯುತ್ತಾರೆ ಅಂತಲೇ ಅವಳ ಲೆಕ್ಕ. ಬಸ್ಸಿಗೆ ಹೊತ್ತಾಗಿತ್ತು. ಹೋಗುವಷ್ಟರಲ್ಲಿ ಆರುತ್ತೆ ಬಿಡು ಅಂದುಕೊಂಡು ಫ್ಲಾಸ್ಕನ್ನು ಬ್ಯಾಗಿಗೆ ತುರುಕಿದೆ. ಬಿಸಿ ಆರದಿರಲಿ ಅಂತಲೇ ಮಾಡಿರುವ ಪಾತ್ರೆ ಅದು ಅನ್ನುವುದು ಮೂರು ಡಿಗ್ರಿ ಇದ್ದವಳ ತಲೆಗೆ ಹೊಳೆಯಲಿಲ್ಲ.

ಒಂದು ಗಂಟೆಯ ಮೇಲೆ ಬಸ್ಸು. ನರಸೀಪುರದಲ್ಲಿ ಇಳಿದು ಕಾಲೇಜು ಹುಡುಕಿಕೊಂಡು ಹೋದೆ. ಕ್ಲಾಸಿನ ತುಂಬ ಮಕ್ಕಳು, ಕೊನೆಯ ಬೆಂಚಿನಲ್ಲಿ ಮೂವರು: ಪ್ರಿನ್ಸಿಪಾಲ್ ಮೇಡಂ, ನಿವೃತ್ತರಾಗಿದ್ದ ರಸಾಯನಶಾಸ್ತ್ರದ ಒಬ್ಬರು ಹಿರಿಯ ಮೇಷ್ಟ್ರು, ಮತ್ತು ಅಲ್ಲೇ ಜೀವಶಾಸ್ತ್ರ ಮಾಡುತ್ತಿದ್ದ ಒಬ್ಬರು ಚಿಕ್ಕ ವಯಸ್ಸಿನ ಲೆಕ್ಚರರು. ಲೆಕ್ಚರರು ಅಲ್ಲೇ ಪಕ್ಕದ ಸೋಸಲೆ ಕಡೆಯವರು ಅಂತ ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾನು ನಮಸ್ಕಾರ ಅಂದಾಗ "ಏನ್ ತೊಂದ್ರೆ ಆಗ್ನಿಲ್ವಾ ಬರಕೆ?" ಅಂದಿದ್ದರು.

ಶುರು ಚೆನ್ನಾಗಿಯೇ ಆಯಿತು. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆದುಕೊಡುವವರು ಕೂತಿರುತ್ತಾರಲ್ಲ, ಅವರನ್ನು ಕಿಣ್ವ ಅಂದುಕೊಳ್ಳಿ ಅಂದೆ. ಖಾತೆ ಬದಲಾವಣೆ ಹೇಗೂ ಒಂದು ದಿನ ಆಗಬೇಕಾದ ಕೆಲಸವೇ. ಆದರೆ ನಾವೇ ಹೋದರೆ ಯಾವ ನಮೂನೆ, ಯಾವ ಕಿಟಕಿ ಅಂತ ತಿಳಿಯುವುದರಲ್ಲೇ ಸುಸ್ತಾಗಿ ವಾಪಸು ಬರುತ್ತೇವೆ. ಆ ಸುಸ್ತು ಒಂದು ಗುಡ್ಡ ಇದ್ದ ಹಾಗೆ. ದೇಹದಲ್ಲಿ ನಡೆಯುವ ಪ್ರತಿ ರಾಸಾಯನಿಕ ಕ್ರಿಯೆಗೂ ಮುಂದೆ ಅಂಥ ಒಂದು ಗುಡ್ಡ ಇರುತ್ತದೆ, ಪುಸ್ತಕದಲ್ಲಿ ಅದನ್ನು ಸಕ್ರಿಯಣ ಶಕ್ತಿ ಅನ್ನುತ್ತಾರೆ. ಅರ್ಜಿ ಬರೆಯುವವರು ಗುಡ್ಡವನ್ನು ತಗ್ಗಿಸುತ್ತಾರೆ. ಆಗಲಾರದ್ದನ್ನು ಆಗಿಸುವುದಿಲ್ಲ, ಆಗುವುದನ್ನು ಬೇಗ ಆಗಿಸುತ್ತಾರೆ. ಕೆಲಸ ಮುಗಿದರೆ ಅವರೇನೂ ಸವೆದು ಹೋಗುವುದಿಲ್ಲ. ಅದೇ ಮರ, ಅದೇ ಕುರ್ಚಿ, ಮುಂದಿನ ಗಿರಾಕಿ. ವೇಗವರ್ಧಕ ಅಂದರೆ ಅಷ್ಟೇ. ಪಹಣಿ ಅರ್ಜಿ ಬರೆಯುವವರ ಹತ್ತಿರ ಪಿಂಚಣಿಯ ಕಾಗದ ತೆಗೆದುಕೊಂಡು ಹೋದರೆ ಪಕ್ಕದ ಮರ ತೋರಿಸುತ್ತಾರೆ. ಕಿಣ್ವವೂ ಹಾಗೆ, ಅದರ ಮೈಯಲ್ಲಿ ಒಂದು ತಗ್ಗು ಇರುತ್ತದೆ, ಆ ತಗ್ಗಿಗೆ ಹೊಂದುವ ವಸ್ತುವನ್ನು ಮಾತ್ರ ಮುಟ್ಟುತ್ತದೆ.

ಮಕ್ಕಳಿಗೆ ಇದು ಹಿಡಿಸಿತು. ಎರಡನೆಯ ಬೆಂಚಿನ ಒಬ್ಬಳು, ಎರಡು ಜಡೆಗೂ ನೀಲಿ ರಿಬ್ಬನ್ ಕಟ್ಟಿದ್ದವಳು, ತಾನೇ ಎದ್ದು, ನಮ್ಮ ತಾತನ ಅರ್ಜಿ ಬರೆಯುವವರಿಗೆ ಕನ್ನಡಕ ಇಲ್ಲದಿದ್ದರೆ ಏನೂ ಬರೆಯಲು ಆಗುವುದಿಲ್ಲ ಅಂದಳು. ಸರಿ, ಆ ಕನ್ನಡಕವೇ ಸಹಕಾರಕ, ಕೆಲವು ಕಿಣ್ವಗಳಿಗೆ ಲೋಹದ ಅಯಾನೋ ವಿಟಮಿನ್ನೋ ಜೊತೆಗಿದ್ದರೇ ಕೆಲಸ ಅಂದೆ. ಇನ್ನೊಬ್ಬ, ಗಿರಾಕಿಯ ಸ್ಟೂಲಿನಲ್ಲಿ ಕೆಲಸ ಇಲ್ಲದವರು ಬಂದು ಕೂತು ಹರಟೆ ಹೊಡೆದರೆ ಅಂದ. ಅವರೇ ಪ್ರತಿಬಂಧಕ, ಜಾಗ ಹಿಡಿದು ಕೂರುತ್ತಾರೆ, ಕೆಲಸ ಆಗಗೊಡುವುದಿಲ್ಲ. ಒಂದೇ ಸಲ ನೂರು ಜನ ಬಂದರೆ? ಸಾಲು ಬೆಳೆಯುತ್ತದೆ, ಅವರ ವೇಗ ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಹಿರಿಯ ಮೇಷ್ಟ್ರು ತಲೆಯಾಡಿಸಿದರು. ನನಗೆ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸಿತು.

ಆ ಗುಂಗಿನಲ್ಲೇ ಫ್ಲಾಸ್ಕು ಬಿಚ್ಚಿದೆ. ಹಿಂದಿನವರಿಗೂ ಕಾಣಲಿ ಅಂತ ದೊಡ್ಡ ಬೀಕರಿಗೇ ಸುರಿದೆ. ಹಬೆ ಎದ್ದಿತು. ಕೈ ಸುಟ್ಟಿತು, ಸೀರೆಯ ಸೆರಗಿನಲ್ಲಿ ಹಿಡಿದುಕೊಂಡೆ. ಎಂಜಲನ್ನು ಮೊದಲೇ ಬಾತ್‌ರೂಮಿಗೆ ಹೋಗಿ ಒಂದು ಚಿಕ್ಕ ಬಾಟಲಿಗೆ ಉಗುಳಿ ತಂದಿದ್ದೆ. ದೊಡ್ಡವರ ಎದುರು ಉಗುಳುವುದು ನನ್ನಿಂದ ಆಗದ ಕೆಲಸ, ಅದು ವಿಜ್ಞಾನಕ್ಕೇ ಆಗಿರಲಿ. ಹೋಲಿಸಲು ಲ್ಯಾಬಿನ ತಣ್ಣನೆಯ ಪಿಷ್ಟದ ದ್ರಾವಣ ಇನ್ನೊಂದು ಬೀಕರಿನಲ್ಲಿ ಇತ್ತು. ಅದಕ್ಕೆ ಅಯೋಡಿನ್ ಬಿಟ್ಟೆ, ಗಾಢ ನೀಲಿ. ಅವ್ವನ ಗಂಜಿಗೆ ಎಂಜಲು ಹಾಕಿ ಕದಡಿ, ಎರಡೇ ನಿಮಿಷ ಬಿಟ್ಟು ಅಯೋಡಿನ್ ಬಿಟ್ಟೆ. ನೀಲಿ ಬರಲೇ ಇಲ್ಲ. ನೋಡಿ, ಪಿಷ್ಟ ಮಾಯ, ಅಮೈಲೇಸ್ ತಿಂದುಹಾಕಿತು ಅಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ನಗುತ್ತ ಸ್ವಲ್ಪ ತಲೆ ಬಾಗಿಸಿದೆ ಅಂತ ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಬೀಕರನ್ನು ಮೇಜಿನ ಮೇಲೆ ಬಿಟ್ಟು ಬೋರ್ಡಿಗೆ ತಿರುಗಿದೆ. ಕಿಣ್ವಗಳಲ್ಲಿ ಆರು ಬಗೆ. ಮೊದಲನೆಯದು ಹಾಕ್ಸಿಡೊರಿಡಕ್ಟೇಸ್ ಅಂದೆ. ಹ ಬಂದದ್ದು ನನಗೇ ಕೇಳಿಸಿತು, ಆದರೆ ಬಾಯಿಂದ ಹೋದದ್ದು ಹೋಯಿತು. ಹೆಚ್ಚಿಟ್ಟ ಬದನೆಕಾಯಿ ಕಪ್ಪಗಾಗುವುದು ಈ ಜಾತಿಯ ಕಿಣ್ವದಿಂದ. ಗಾಳಿಯ ಆಮ್ಲಜನಕ ಹಿಡಿದು ಕೆಲಸ ಮಾಡುತ್ತದೆ, ಅದಕ್ಕೇ ಬದನೆಕಾಯಿಯನ್ನು ನೀರಿಗೆ ಹಾಕುವುದು. ಎರಡನೆಯದು ಟ್ರಾನ್ಸ್‌ಫರೇಸ್, ಒಂದು ಅಣುವಿನ ಒಂದು ತುಂಡನ್ನು ಕಿತ್ತು ಇನ್ನೊಂದಕ್ಕೆ ವರ್ಗ ಮಾಡುವುದು. ಲಿವರಿಗೆ ತೊಂದರೆಯಾದರೆ ರಕ್ತ ಪರೀಕ್ಷೆಯ ಚೀಟಿಯಲ್ಲಿ ಜಾಸ್ತಿ ಕಾಣಿಸುವುದು ಇವೇ. ಮೂರನೆಯದು ಹೈಡ್ರೊಲೇಸ್, ನೀರು ಸೇರಿಸಿ ಒಡೆಯುವುದು, ನಮ್ಮ ಅಮೈಲೇಸ್ ಇದೇ ಗುಂಪು. ಹೈಡ್ರೊಲೇಸಿನ ಹ ಸರಿಯಾಗಿ ಬಂತು. ಯಾರಾದರೂ ಗಮನಿಸಿದರಾ ಅಂತ ಒಂದು ಕ್ಷಣ ನಿಂತೆ. ಯಾರೂ ಗಮನಿಸಲಿಲ್ಲ.

ನಾಲ್ಕನೆಯದು ಲಯೇಸ್, ನೀರಿನ ಹಂಗಿಲ್ಲದೆ ಒಡೆಯುವುದು. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದು ಅಂಥ ಒಂದರ ಕೆಲಸದಿಂದಲೇ ಶುರು. ಐದನೆಯದು ಹೈಸೊಮರೇಸ್ ಅಂದೆ, ಮತ್ತೆ ಹ. ಇದ್ದ ಪರಮಾಣುಗಳನ್ನೇ ಜಾಗ ಬದಲಿಸಿ ಕೂರಿಸುವುದು. ಅದನ್ನು ತೋರಿಸಲು ಮೂರನೆಯ ಬೆಂಚಿನ ನಾಲ್ವರನ್ನು ಎಬ್ಬಿಸಿ ಅದಲು ಬದಲು ಕೂರಿಸಿದೆ. ಆರನೆಯದು ಲೈಗೇಸ್, ಎರಡನ್ನು ಕೂಡಿಸುವುದು, ಇಟ್ಟಿಗೆಗೆ ಇಟ್ಟಿಗೆ ಕೂಡಿಸುವ ಗಾರೆಯವರ ಹಾಗೆ. ಅದಕ್ಕೆ ಎಟಿಪಿ ಎಂಬ ಶಕ್ತಿಯ ಊಟ ಬಡಿಸದೆ ಕೆಲಸ ಆಗುವುದಿಲ್ಲ ಅಂದೆ. ಅಷ್ಟರಲ್ಲಿ ರಿಬ್ಬನ್ನಿನ ಹುಡುಗಿ ಕೈ ಎತ್ತಿದಳು.

"ಮೇಡಂ, ಗಂಜಿ ನೀಲಿ ಆಯ್ತಾ ಅದೆ."

ತಿರುಗಿ ನೋಡಿದೆ. ಬೀಕರಿನ ಅಂಚಿನಿಂದ ಬಣ್ಣ ಇಳಿಯುತ್ತಿತ್ತು. ಕಿಟಕಿಯ ಬೆಳಕಿಗೆ ಹಾಗೆ ಕಾಣಿಸುತ್ತೆ ಅಂದೆ. ಅಷ್ಟು ನಿರಾಳವಾಗಿ ಸುಳ್ಳು ನನ್ನ ಬಾಯಿಗೆ ಬಂತು, ಅದಕ್ಕೆ ಯಾವ ಅಕ್ಷರದ ತೊಡಕೂ ಆಗಲಿಲ್ಲ. ಅವಳು ಎದ್ದು ಬಂದು ಬಗ್ಗಿ ನೋಡಿ, ಇಲ್ಲ ಮೇಡಂ, ಕರೀ ನೀಲಿ ಅಂದಳು. ಹಿರಿಯ ಮೇಷ್ಟ್ರು ಹಿಂದಿನಿಂದ ಎದ್ದು ನಿಧಾನವಾಗಿ ನಡೆದು ಬಂದರು. ಬೀಕರನ್ನು ಅಂಗೈಯಲ್ಲಿ ಮುಟ್ಟಿ ನೋಡಿದರು.

"ಏನಮ್ಮ, ಎಂಜಲು ಹಾಕಿದಾಗ ಇದು ಎಷ್ಟು ಬಿಸಿ ಇತ್ತು?"

"ಕೈ ಸುಡ್ತಿತ್ತು ಸರ್."

ಮುಂದಿನದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಶಾಖಕ್ಕೆ ಕಿಣ್ವ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಐದಕ್ಕೆ ಐದು ತೆಗೆದವಳು ನಾನು. ಕಿಣ್ವ ಒಂದು ಪ್ರೋಟೀನು, ಅದರ ಮಡಿಕೆಯಲ್ಲೇ ಅದರ ಕೆಲಸ. ಸುಡುವ ಬಿಸಿಗೆ ಮಡಿಕೆ ಬಿಚ್ಚಿಹೋದರೆ ತಗ್ಗೂ ಹೋಯಿತು, ಕೆಲಸವೂ ಹೋಯಿತು. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ. ನನ್ನ ಎಂಜಲು ಅವ್ವನ ಗಂಜಿಗೆ ಬಿದ್ದ ಕೂಡಲೇ ಸತ್ತಿತ್ತು. ಪಿಷ್ಟ ಒಂದು ಚೂರೂ ಒಡೆದಿರಲಿಲ್ಲ. ಮತ್ತೆ ನೀಲಿ ಯಾಕೆ ಬರಲಿಲ್ಲ ಅಂದರೆ, ಅಷ್ಟು ಬಿಸಿಯಲ್ಲಿ ಅಯೋಡಿನ್ ಪಿಷ್ಟದ ಸುರುಳಿಯೊಳಗೆ ನಿಲ್ಲುವುದಿಲ್ಲ, ಆರಿದ ಮೇಲೆ ಬಂದು ಕೂರುತ್ತದೆ. ನಾನು ಆರು ಬಗೆ ಹೇಳುತ್ತಿದ್ದಷ್ಟು ಹೊತ್ತೂ ಗಂಜಿ ಆರುತ್ತಿತ್ತು.

ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಮೊದಲು ಚಪ್ಪಾಳೆ ಹೊಡೆಸಿಕೊಂಡದ್ದು ತಪ್ಪು, ಬೆಳಕು ಅಂದದ್ದು ಸುಳ್ಳು ಅಂತಲೂ ಹೇಳಿದೆ. ಈಗ ಗಂಜಿ ಉಗುರು ಬೆಚ್ಚಗಿದೆ, ಇನ್ನೊಂದು ಸಲ ಮಾಡೋಣ ಅಂದೆ. ಹೇಳುವುದು ಹೇಳಿದೆ, ಬಾಟಲಿಯಲ್ಲಿ ಎಂಜಲು ಮುಗಿದಿತ್ತು, ಬಾಯಿ ಒಣಗಿ ಹಲಗೆಯಾಗಿತ್ತು. ಬೇರೆ ಯಾರಾದರೂ ಕೊಡುತ್ತೀರಾ ಅಂದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಜಲು ಅಂದರೆ ಹಾಗೇ. ಯಾರದನ್ನು ಯಾರು ಮುಟ್ಟಬೇಕು ಅನ್ನುವುದು ನಮ್ಮ ಕಡೆ ಪುಸ್ತಕಕ್ಕಿಂತ ಮೊದಲೇ ಪಾಠವಾಗಿರುತ್ತದೆ.

"ಮೇಡಂ," ಅಂದಳು ರಿಬ್ಬನ್ನಿನ ಹುಡುಗಿ, "ಉಣ್ಸೆಕಾಯಿಗೆ ಉಪ್ಪು ಖಾರ ಅಚ್ಕಂಡ್ ತಿನ್ನದ ನೆನಸ್ಕಳಿ."

ಕ್ಲಾಸಿನ ಅರ್ಧಕ್ಕೆ ಬಾಯಲ್ಲಿ ನೀರೂರಿದ ಸದ್ದು ನನಗೆ ಕೇಳಿಸಿತು. ನನಗೂ ಊರಿತು. ಮೂವರು ದೊಡ್ಡವರ ಎದುರು, ಬೀಕರನ್ನು ಮುಖದ ಹತ್ತಿರ ಹಿಡಿದು ಉಗುಳಿದೆ. ಅಜ್ಜಿಯನ್ನು ನೆನೆಸಿಕೊಂಡೆ ಅಂತ ಬರೆದರೆ ಚೆನ್ನಾಗಿರುತ್ತದೆ; ನಿಜ ಹೇಳಬೇಕೆಂದರೆ ಹುಣಸೆಕಾಯಿ ಬಿಟ್ಟು ಇನ್ನೇನೂ ನೆನಪಿರಲಿಲ್ಲ. ಕದಡುತ್ತಾ ನಿಂತೆ. ಕಪ್ಪು ನೀಲಿ ಮಂಕಾಯಿತು, ನೇರಳೆಯಾಯಿತು, ಕೆಂಪಗಾಯಿತು, ಕೊನೆಗೆ ಅಯೋಡಿನ್ನಿನ ತೆಳು ಹಳದಿ ಮಾತ್ರ ಉಳಿಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಬಗ್ಗಿ ನೋಡುತ್ತಿದ್ದರು. ಇಷ್ಟು ಬೇಗ ಆಯಿತಲ್ಲ, ಗಂಜಿಗೆ ಉಪ್ಪು ಹಾಕಿದ್ದರಾ ಅಂತ ಹಿರಿಯ ಮೇಷ್ಟ್ರು ಕೇಳಿದರು. ಅವ್ವ ಹಾಕಿದ್ದಾರೆ ಸರ್ ಅಂದೆ. ಉಪ್ಪಿನ ಕ್ಲೋರೈಡ್ ಇದ್ದರೆ ಈ ಅಮೈಲೇಸ್ ಚುರುಕು, ನಿಮ್ಮ ತಾಯಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಿರಲಿಲ್ಲ ಅಂತ ಹೇಳಿ ಹೋಗಿ ಕೂತರು.

ಇಲ್ಲಿಗೆ ಮುಗಿದಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆಗ ಸೋಸಲೆಯ ಲೆಕ್ಚರರು, ಕಿಣ್ವ ಒಟ್ಟು ಎಷ್ಟು ಬಗೆ ಅಂದಿರಿ ಅಂತ ಕೇಳಿದರು. ಆರು ಸರ್ ಅಂದೆ.

"ಏಳು," ಅಂದರು.

ನಾನು ಅದನ್ನು 'ಹೇಳು' ಅಂತ ಕೇಳಿಸಿಕೊಂಡೆ. ನಮ್ಮ ಕಡೆಯವರು ಹೇಳು ಅನ್ನುವುದೇ ಹಾಗೆ. ನನಗಿಂತ ಚಿಕ್ಕ ವಯಸ್ಸಿನವರು, ಮಕ್ಕಳ ಮುಂದೆ ಏಕವಚನ. ಆದರೂ ಕೆಲಸ ಬೇಕಾದವಳು ನಾನು. ಹಾಕ್ಸಿಡೊರಿಡಕ್ಟೇಸಿನಿಂದ ಲೈಗೇಸಿನ ತನಕ ಆರನ್ನೂ ಇನ್ನೊಂದು ಸಲ ಹೇಳಿದೆ.

"ಏಳು ಮೇಡಂ."

ಈಗ ಮೇಡಂ ಬೇರೆ ಸೇರಿತ್ತು, ಅದು ಇನ್ನೂ ವ್ಯಂಗ್ಯವಾಗಿ ಕೇಳಿಸಿತು. ಮೂರನೆಯ ಸಲ, ಬೆರಳು ಮಡಿಸುತ್ತಾ, ಆರನ್ನೂ ಒಪ್ಪಿಸಿದೆ. ಆಮೇಲೆ ತಡೆಯಲಾರದೆ, ಸರ್, ಹೇಳು ಅನ್ನಬೇಡಿ, ಹೇಳಿ ಅನ್ನಿ ಅಂದುಬಿಟ್ಟೆ.

ಅವರ ಮುಖ ಕೆಂಪಾಯಿತು. "ಅಯ್ಯೋ, ಏಳು ಅಂದ್ರೆ ಏಳು ಮೇಡಂ. ಸೆವೆನ್. ಆರಲ್ಲ, ಏಳು ಅಂದೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲ್ ಮೇಡಂ ಕರವಸ್ತ್ರವನ್ನು ಬಾಯಿಗೆ ಹಿಡಿದುಕೊಂಡರು. ಅಷ್ಟಾದರೂ ನಾನು ಬಗ್ಗಲಿಲ್ಲ. ನಕ್ಕರಲ್ಲ ಅನ್ನುವ ಛಲಕ್ಕೆ, ನಾನು ಓದಿದ ಯಾವ ಪುಸ್ತಕದಲ್ಲೂ ಏಳಿಲ್ಲ, ಆರೇ ಇರುವುದು, ಬೇಕಾದರೆ ತಂದು ತೋರಿಸುತ್ತೇನೆ ಅಂದೆ. ಬೆಲ್ಲು ಹೊಡೆಯಿತು. ಹೊರಗೆ ಕೂತಿರಿ, ಕರೆಯುತ್ತೇವೆ ಅಂದರು.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ನನ್ನ ಹಾಗೇ ಡೆಮೊ ಕೊಟ್ಟ ಇನ್ನಿಬ್ಬರು ಕೂತಿದ್ದರು. ಅವರನ್ನು ಮಾತಾಡಿಸುವ ಮನಸ್ಸಾಗದೆ ಫೋನು ತೆಗೆದೆ. ಪುಸ್ತಕದ ಹೆಸರನ್ನೇ ಹುಡುಕಿ ತೋರಿಸೋಣ ಅಂತ. ಸಿಕ್ಕಿದ್ದು ಏಳು. ಕಿಣ್ವಗಳಿಗೆ ಹೆಸರು, ನಂಬರು ಕೊಡುವ ಅಂತರರಾಷ್ಟ್ರೀಯ ಸಮಿತಿ ಕೆಲವು ವರ್ಷದ ಹಿಂದೆಯೇ ಏಳನೆಯ ಗುಂಪು ಸೇರಿಸಿದೆ. ಟ್ರಾನ್ಸ್‌ಲೊಕೇಸ್. ಜೀವಕೋಶದ ಪೊರೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಯಾನುಗಳನ್ನೋ ಅಣುಗಳನ್ನೋ ದಾಟಿಸುವ ಕಿಣ್ವಗಳು. ಮೂರು ಕಡೆ ನೋಡಿದೆ, ಮೂರು ಕಡೆಯೂ ಏಳೇ. ನಾನು ಡಿಗ್ರಿ ತೆಗೆದುಕೊಂಡು ಬೋರ್ಡು ಹಾಕಿಸಿ ಕೂತ ಮೇಲೆ ನನ್ನ ವಿಷಯ ನನಗೆ ತಿಳಿಸದೆ ಮುಂದಕ್ಕೆ ಹೋಗಿತ್ತು.

ಸುಮ್ಮನೆ ಕೂರಬಹುದಿತ್ತು. ಯಾರು ಸರಿ ಅಂತ ಒಳಗಿರುವವರೇ ನೋಡಿಕೊಳ್ಳುತ್ತಿದ್ದರು, ನಾನಾಗಿ ಹೋಗಿ ತಪ್ಪೊಪ್ಪಿಕೊಂಡರೆ ಇದ್ದ ಒಂದು ಅವಕಾಶವೂ ಹೋಗಬಹುದು. ಆದರೆ ಬೆಳಕಿನ ಮೇಲೆ ಹಾಕಿದ ಸುಳ್ಳು ಇನ್ನೂ ಮೈ ಉರಿಸುತ್ತಿತ್ತು. ಒಂದೇ ಬೆಳಿಗ್ಗೆಗೆ ಎರಡು ಸುಳ್ಳು ನನ್ನ ಕೈಲಿ ಆಗುವುದಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ.

"ಏಳು ಸರ್. ನೀವು ಹೇಳಿದ್ದೇ ಸರಿ. ಗೊತ್ತಿಲ್ಲದೆ ಮಕ್ಕಳ ಎದುರು ವಾದ ಮಾಡಿದೆ."

ಲೆಕ್ಚರರು ಪ್ರಿನ್ಸಿಪಾಲ್ ಮೇಡಂ ಕಡೆ ಒಂದು ಸಲ ನೋಡಿ, ತಲೆ ಕೆರೆದುಕೊಂಡರು. "ನಾನೂ ಆರೇ ಮಾಡ್ಕಂಡ್ ಬತ್ತಿದ್ದೆ ಮೇಡಂ. ಓದ್ ತಿಂಗ್ಳು ಒಬ್ಬ ಸ್ಟೂಡೆಂಟು ಫೋನಲ್ಲಿ ತೋರ್ಸಿ ಮಾನ ಕಳ್ದ. ಅದ್ಕೇ ನಿಮ್ಮನ್ನ ಕೇಳ್ದೆ."

ನಿಮಗೆ ಇದು ಗೊತ್ತಾಗಿ ಒಂದೇ ತಿಂಗಳಾ ಅಂತ ಹಿರಿಯ ಮೇಷ್ಟ್ರು ಲೆಕ್ಚರರನ್ನು ಕೇಳಿದರು. ಅವರಿಬ್ಬರಿಗೂ ಅಲ್ಲಿ ಬೇರೆಯದೇ ಒಂದು ಮಾತು ಶುರುವಾಯಿತು. ನನ್ನನ್ನು ಮತ್ತೆ ಹೊರಗೆ ಕಳಿಸಿದರು. ಇನ್ನಿಬ್ಬರನ್ನು ಒಬ್ಬೊಬ್ಬರಾಗಿ ಕರೆದರು, ಅವರು ಬಂದು ಬಸ್ಸಿಗೆ ಹೋದರು. ಕೊನೆಗೆ ನನ್ನನ್ನು ಕರೆದು ಪ್ರಿನ್ಸಿಪಾಲ್ ಮೇಡಂ, ಈಗ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ, ಮುಂದಿನದು ಕೆಲಸ ನೋಡಿ, ಸೋಮವಾರದಿಂದ ಬನ್ನಿ ಅಂದರು. ಪ್ರಯೋಗ ಮಾಡುವ ಮೊದಲು ಒಂದು ಥರ್ಮಾಮೀಟರು ಇಟ್ಟುಕೊಳ್ಳಿ ಅಂತಲೂ ಅಂದರು.

ಬಸ್ ಸ್ಟ್ಯಾಂಡಿನಿಂದ ಮನೆಗೆ ಫೋನು ಮಾಡಿದೆ. ಕೆಲಸ ಆಯ್ತವ್ವ ಅಂದೆ. ಆ ಕಡೆ ಅವ್ವ ಮೂಗು ಸೀಟಿಕೊಂಡದ್ದು ಕೇಳಿಸಿತು. ಗಂಜಿ ಚೆನ್ನಾಗಿತ್ತಂತಾ ಅಂತ ಕೇಳಿದಳು. ಉಪ್ಪು ಸರಿಯಾಗಿತ್ತು ಅಂತ ಮೇಷ್ಟ್ರು ಹೇಳಿದರು ಅಂದೆ. ಅದರಲ್ಲಿ ಸುಳ್ಳೇನಿಲ್ಲ.

ಸೋಮವಾರ ಅದೇ ಕ್ಲಾಸು. ಬೋರ್ಡಿನ ಮೇಲೆ ಏಳನ್ನೂ ಒಂದರ ಕೆಳಗೆ ಒಂದು ಬರೆದೆ, ಏಳನೆಯದರ ಕೆಳಗೆ ಗೆರೆ ಎಳೆದೆ. ಪೊರೆಯ ಈ ದಡದಿಂದ ಆ ದಡಕ್ಕೆ ಸಾಮಾನು ದಾಟಿಸುವ ತೆಪ್ಪದವರು ಅಂತ ವಿವರಿಸಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ರಿಬ್ಬನ್ನಿನ ಹುಡುಗಿ ಮಾತ್ರ ಪಠ್ಯಪುಸ್ತಕ ತೆರೆದು, ಬೆರಳಿಟ್ಟು ಎಣಿಸಿ, ಎದ್ದು ನಿಂತಳು.

"ಮೇಡಂ, ಬುಕ್ಕಲ್ಲಿ ಆರೇ ಅದೆ. ಪರೀಕ್ಷೇಲಿ ಆರ್ ಬರೀಬೇಕಾ ಏಳ್ ಬರೀಬೇಕಾ?"

ಪುಸ್ತಕ ಬದಲಾಗುವ ತನಕ ಆರು ಬರಿ, ಕೊನೆಯಲ್ಲಿ ಏಳನೆಯದನ್ನೂ ಸೇರಿಸು ಅಂದೆ.

"ಏಳನೇದಕ್ಕೆ ಮಾರ್ಕ್ಸ್ ಕೊಟ್ಟಾರಾ?"

ಗೊತ್ತಿಲ್ಲ ಅಂದೆ. ಅವಳು ಒಂದು ಕ್ಷಣ ಯೋಚನೆ ಮಾಡಿದಳು. ಆಮೇಲೆ ಕೂತು, ಆರನ್ನು ಪೆನ್ನಿನಲ್ಲಿ ಬರೆದು, ಏಳನೆಯದನ್ನು ಪೆನ್ಸಿಲಿನಲ್ಲಿ ಬರೆದುಕೊಂಡಳು.